ಹಾಲೆಂಡಿನ ಒಲೆ ಮತ್ತು ಅವ್ವನ ಷರತ್ತು

ಪರದೇಶಕ್ಕೆ ಹೋಗಿಬಂದವನನ್ನು ಜನ ಕೇಳುವ ಪ್ರಶ್ನೆಗಳು ನನಗೀಗ ಬಾಯಿಪಾಠವಾಗಿವೆ. ಗಾಳಿಯಂತ್ರ ನೋಡಿದಿರಾ, ಕಾಲುವೆಯಲ್ಲಿ ದೋಣಿ ಹತ್ತಿದಿರಾ, ಅಲ್ಲಿಯವರು ನಿಜವಾಗಿಯೂ ಮರದ ಚಪ್ಪಲಿ ಹಾಕಿಕೊಳ್ಳುತ್ತಾರಾ? ನೋಡಿದೆ, ಹತ್ತಿದೆ, ಕೆಲವರು ಹಾಕಿಕೊಳ್ಳುತ್ತಾರೆ. ಆದರೆ ಹಾಲೆಂಡ್ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಒಂದು ಕಬ್ಬಿಣದ ಒಲೆ. ಆ ಒಲೆಯ ವಿಷಯವನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಅವ್ವನೇ ಬೀದಿಗೆಲ್ಲ ಹೇಳಿಕೊಂಡು ನಗುತ್ತಿರುವುದರಿಂದ ನಾನೂ ಬರೆದುಬಿಡುತ್ತೇನೆ.

ಜಯನಗರ

ನಾನು ಪೇಟೆಯ ಕಾಲೇಜೊಂದರಲ್ಲಿ ಪಾಶ್ಚಾತ್ಯ ತತ್ವಶಾಸ್ತ್ರದ ಮೇಷ್ಟ್ರು. ಮುನ್ನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಕೆಲವರು ಹಳೆಯ ಪಂಡಿತರ ಮಾತನ್ನೆಲ್ಲ ಬದಿಗಿಟ್ಟು, ನಾನು ಎಂದರೆ ಯಾರು, ನನಗೆ ಗೊತ್ತು ಅನ್ನುವುದು ನಿಜಕ್ಕೂ ಗೊತ್ತೆ, ಕಣ್ಣಿಗೆ ಕಾಣುವ ಲೋಕ ಕಂಡ ಹಾಗೇ ಇದೆಯೆ ಎಂದು ಮೊದಲಿಂದ ಕೇಳಿಕೊಂಡು ಹೊರಟರಲ್ಲ, ಅವರ ಪಾಠ ನನ್ನದು. ಅವರಲ್ಲಿ ಒಬ್ಬ ಫ್ರೆಂಚಿನವನು ಒಲೆ ಕಾಸಿದ ಕೋಣೆಯೊಂದರಲ್ಲಿ ಕೂತು ಯೋಚನೆ ಶುರುಮಾಡಿದವನು. ಮುಂದೆ, ಅನುಮಾನಪಡಲು ಸಾಧ್ಯವಿರುವುದನ್ನೆಲ್ಲ ಅನುಮಾನಪಟ್ಟು ಕೊನೆಗೆ ಏನು ಉಳಿಯುತ್ತದೋ ನೋಡೋಣ ಎಂದ. ಹುಟ್ಟಾ ಅಂಜುಬುರುಕನಾದ ನನಗೆ ಹೇಳಿ ಮಾಡಿಸಿದ ಪಾಠ ಅದು. ಹಿತ್ತಿಲ ಬಾವಿಗೆ ಹಲಗೆ ಮುಚ್ಚಿದೆನೋ ಇಲ್ಲವೋ ಎಂದು ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಿಂದ ವಾಪಸು ಬಂದು ನೋಡಿ ಹೋಗುವವನು ನಾನು.

ಆ ಫ್ರೆಂಚಿನವನ ಒಂದು ಪಾಠವನ್ನು ಪ್ರತಿವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಒಂದು ಮೇಣದ ಉಂಡೆ ತೆಗೆದುಕೊಳ್ಳಿ. ಅದಕ್ಕೊಂದು ಬಣ್ಣ, ಒಂದು ಆಕಾರ, ಜೇನಿನ ವಾಸನೆ. ತಟ್ಟಿದರೆ ಟಕ್ ಎನ್ನುತ್ತದೆ. ಬೆಂಕಿಯ ಹತ್ತಿರ ಹಿಡಿಯಿರಿ. ಬಣ್ಣ ಹೋಯಿತು, ಆಕಾರ ಹೋಯಿತು, ವಾಸನೆ ಹೋಯಿತು, ತಟ್ಟಿದರೆ ಸದ್ದಿಲ್ಲ. ಆದರೂ ಅದೇ ಮೇಣ ಎನ್ನುತ್ತೇವಲ್ಲ, ಅದೇ ಎಂದು ಹೇಳಿದವರು ಯಾರು? ಕಣ್ಣಲ್ಲ, ಮೂಗಲ್ಲ, ಕೈಯಲ್ಲ. ಬುದ್ಧಿ! ಇಲ್ಲಿಗೆ ಬಂದಾಗ ನಾನು ಮೇಜು ಗುದ್ದುವುದು ವಾಡಿಕೆ. ಮೇಣ ಒದಗಿಸುವವನು ಎದುರುಮನೆಯ ಮುನಿಯಪ್ಪ. ಬಡಾವಣೆಯಾಗುವ ಮೊದಲು ನಮ್ಮ ಬೀದಿಯೆಲ್ಲ ಅವನ ರಾಗಿ ಹೊಲವಾಗಿತ್ತು. ಈಗಲೂ ಬನಶಂಕರಿ ಕಡೆಯ ಬಂಡೆಗಳಿಂದ ಜೇನು ಕಿತ್ತು ತರುತ್ತಾನೆ.

ಇದೇ ಮೇಣದ ಮೇಲೆ ನಾನು ಬರೆದ ಒಂದು ಲೇಖನವನ್ನು ಓದಿ ಹಾಲೆಂಡಿನ ಸಣ್ಣ ಊರೊಂದರ ಪ್ರೊಫೆಸರ್ ಡಿರ್ಕ್ ಎಂಬವರು, ಬಂದು ನಮ್ಮವರ ಮುಂದೆ ಮಾತನಾಡಿ ಎಂದು ಕಾಗದ ಬರೆದರು. ಕಾಗದ ಓದಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವ್ವನಿಗಂತೂ ಆ ಯೋಚನೆಯೇ ಹಿಡಿಸಲಿಲ್ಲ.

ನಾವು ಲಿಂಗವಂತರು. ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಮಗುವಿಗೆ ಇಷ್ಟಲಿಂಗ ಕಟ್ಟುತ್ತಾರೆ. ಒಳಗೊಂದು ಪುಟ್ಟ ಕಲ್ಲು, ಮೇಲೆ ತುಪ್ಪ, ದೀಪದ ಮಸಿ, ಮರದ ಅಂಟು ಸೇರಿಸಿ ಕಟ್ಟಿದ ನುಣುಪಾದ ಕಪ್ಪು ಲೇಪ. ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಂಡರೆ ಸಾಯುವವರೆಗೂ ತೆಗೆಯುವ ಹಾಗಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಅನ್ನ ಹಾಕುವಂತಿಲ್ಲ. ನನ್ನ ಲಿಂಗದ ಒಂದು ಪಕ್ಕದಲ್ಲಿ ಸಣ್ಣ ಗುಳಿಯೊಂದಿತ್ತು. ಪೂಜೆಯ ಹೊತ್ತಿಗೆ ಎಡಗೈ ಹೆಬ್ಬೆರಳು ಅಲ್ಲಿ ಹೋಗಿ ಕೂತುಕೊಳ್ಳುತ್ತಿತ್ತು. ಎಲ್ಲರ ಲಿಂಗಕ್ಕೂ ಹಾಗೇ ಇರುತ್ತದೆಂದು ನಾನು ತಿಳಿದಿದ್ದೆ.

ಕೊನೆಗೂ ಅವ್ವ ಒಪ್ಪಿದಳು. “ಹೋಗ್ಬಾ. ಆದ್ರೆ ಲಿಂಗ ಮೈಮೇಲಿಂದ ತೆಗೀಬೇಡ. ನೀನೂ ಅದೂ ಹೋದ ಹಾಗೇ ವಾಪಸ್ ಬರ್ಬೇಕು, ಅಷ್ಟೇ.”

ಅಲ್ಲಿಗೇ ಸುಮ್ಮನಿದ್ದರೆ ಚೆನ್ನಾಗಿತ್ತು. ಮಾತಿಗೆ ಮಾತು ಬಂದು, ನಾನು ಪಾಠ ಹೇಳುವ ಆ ಫ್ರೆಂಚಿನವನು ಚಳಿ ದೇಶಕ್ಕೆ ಹೋಗಿ ಎದೆಶೀತವಾಗಿ ಸತ್ತ ಎಂದು ಬಾಯಿಬಿಟ್ಟೆ. ಅವ್ವ ತಲೆ ಮೇಲೆ ಕೈಹೊತ್ತು ಕೂತಳು.

“ಅಯ್ಯೋ ಶಿವ್ನೇ, ಅಂಥಾ ಕಡೆ ಹೋಗ್ತಿದೀಯಾ? ಎದೆ ಮೇಲೆ ಒದ್ದೆ ಬಟ್ಟೆ ಒಂದು ಘಳಿಗೆ ಇಟ್ಕೋಬೇಡ. ಆಣೆ ಮಾಡು.”

ಮಾಡಿದೆ. ಹೀಗೆ ಎರಡು ಆಣೆಗಳನ್ನು ಹೊತ್ತು ಹೊರಟೆ. ಎರಡೂ ಒಂದಕ್ಕೊಂದು ಜಗಳವಾಡಬಹುದು ಎಂದು ತರ್ಕಶಾಸ್ತ್ರ ಕಲಿಸುವ ನನಗೇ ಹೊಳೆಯಲಿಲ್ಲ. ಬೀಳ್ಕೊಡಲು ಬಂದ ಮುನಿಯಪ್ಪ ಒಂದು ಮೇಣದ ಉಂಡೆಯನ್ನು ಕೈಯಲ್ಲಿಟ್ಟು, “ಯಾಕ್ ಸಾರ್, ಆ ದೇಸದಲ್ಲಿ ಜೇನಿಲ್ವಾ?” ಎಂದು ಕನಿಕರದಿಂದ ಕೇಳಿದ.

ಹಡಗು

ಬೊಂಬಾಯಿಯಿಂದ ಹಡಗು ಬಿಟ್ಟ ಮೂರನೇ ದಿನಕ್ಕೆ ಹೊಟ್ಟೆ ತೊಳಸುವುದು ನಿಂತಿತು. ಉಳಿದದ್ದು ಪೂಜೆಯ ಕಷ್ಟ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೀರೆರೆಯಲು ಹೋದರೆ ಹಡಗು ವಾಲಿ ನೀರು ಮೊಣಕೈಗೆ ಹರಿಯುತ್ತಿತ್ತು. ವಿಭೂತಿ ಒಂದು ಕಡೆ, ಒಣಗಿದ ಬಿಲ್ವಪತ್ರೆ ಇನ್ನೊಂದು ಕಡೆ. ಲಿಂಗ ಎಲ್ಲಿ ಉರುಳಿ ಮಂಚದ ಕೆಳಗೆ ಹೋಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡೇ ಪೂಜೆ ಮುಗಿಸುತ್ತಿದ್ದೆ.

ನನ್ನ ಕ್ಯಾಬಿನ್ನಿನಲ್ಲಿ ಭದ್ರಾವತಿ ಕಡೆಯ ಒಬ್ಬ ಇಂಜಿನಿಯರ್ ಇದ್ದರು. ನಾಲ್ಕು ದಿನ ಸುಮ್ಮನೆ ನೋಡಿ ಐದನೇ ದಿನ ಕೇಳಿಯೇಬಿಟ್ಟರು.

“ನೀವು ಫಿಲಾಸಫಿ ಮೇಷ್ಟ್ರು. ಎಲ್ಲಾನೂ ಡೌಟ್ ಮಾಡ್ಬೇಕು ಅಂತ ಹುಡುಗರಿಗೆ ಹೇಳ್ತೀರಿ. ನಿಜವಾಗ್ಲೂ ಇದನ್ನ ನಂಬ್ತೀರಾ ಸಾರ್?”

“ಅಭ್ಯಾಸ ಸಾರ್,” ಎಂದೆ. “ಚಿಕ್ಕಂದಿನಿಂದ ಬಂದಿದೆ, ಮಾಡ್ತೀನಿ. ಅವ್ವನ ಸಮಾಧಾನಕ್ಕೆ.”

ಅವರು ಜಾಣತನದಿಂದ ನಕ್ಕರು. ನಾನೂ ನಕ್ಕೆ. ಆ ಮಾತು ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ.

ಹಡಗಿಳಿದ ಬಂದರಿನಲ್ಲಿ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ಬಿಚ್ಚಿ ಮೇಣದ ಉಂಡೆಯನ್ನು ಎತ್ತಿ ಮೂಸಿದ. ಏನಿದು ಎಂದ. ತತ್ವಶಾಸ್ತ್ರ ಎಂದೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು, ಬೆಳಕಿಗೆ ಹಿಡಿದರು, ಚಾಕುವಿನಿಂದ ಮೂಲೆ ಕೆರೆದರು. ಆಮೇಲೆ ನನ್ನ ಎದೆಯ ಮೇಲಿನ ಕರಡಿಗೆಯನ್ನು ತೋರಿಸಿ ಏನೆಂದರು. ದೇವರು ಎಂದೆ. ಒಡನೆ ತಲೆಬಾಗಿ ಮುಂದೆ ಹೋಗಲು ಬಿಟ್ಟರು. ದೇವರನ್ನು ಎಲ್ಲ ದೇಶದಲ್ಲೂ ಬಿಡುತ್ತಾರೆ, ತತ್ವಶಾಸ್ತ್ರವನ್ನು ತಪಾಸಣೆ ಮಾಡಿಯೇ ಬಿಡುವುದು ಎಂದು ರೈಲಿನಲ್ಲಿ ಯೋಚಿಸುತ್ತಾ ಕೂತೆ. ಆ ಪ್ರವಾಸದಲ್ಲಿ ನಾನು ನಿಶ್ಚಿಂತೆಯಿಂದ ಇದ್ದದ್ದು ಆ ಅರ್ಧ ದಿನ ಮಾತ್ರ.

ಹಾನ್ನಾ ಅವರ ಮನೆ

ನನ್ನನ್ನು ಇಳಿಸಿದ್ದು ಹಾನ್ನಾ ಎಂಬ ವಿಧವೆಯ ಮನೆಯಲ್ಲಿ. ಅರವತ್ತರ ಹೆಂಗಸು, ಗಟ್ಟಿ ಮೈಕಟ್ಟು, ಕೆಲಸದಲ್ಲಿ ಬಲು ಚುರುಕು. ಕಾಲುವೆಗೆ ಮುಖಮಾಡಿದ ಕಿರಿದಾದ ಮನೆ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಹತ್ತುವಾಗ ಮೂಗು ಮೇಲಿನ ಮೆಟ್ಟಿಲಿಗೆ ತಾಗುತ್ತಿತ್ತು. ಬೀದಿಯ ಕಡೆ ದೊಡ್ಡ ಗಾಜಿನ ಕಿಟಕಿ, ಪರದೆ ಮಾತ್ರ ಎಳೆಯುವುದೇ ಇಲ್ಲ. ಹೋಗಿಬರುವವರಿಗೆಲ್ಲ ಒಳಗೆ ಯಾರು ಏನು ತಿನ್ನುತ್ತಿದ್ದಾರೆ ಎಂಬುದು ಕಾಣಬೇಕು. ನಮ್ಮಲ್ಲಿ ಊಟಕ್ಕೆ ಕೂತರೆ ದೃಷ್ಟಿಯಾಗುತ್ತದೆಂದು ಬಾಗಿಲು ಮುಂದೆ ಮಾಡುತ್ತೇವೆ. ಇಲ್ಲಿ ಪರದೆ ಎಳೆದರೆ, ಈ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರಂತೆ.

ಮೊದಲ ದಿನವೇ ಒಂದು ಎಡವಟ್ಟಾಯಿತು. ಹಾನ್ನಾ ಚಹದ ಜೊತೆಗೆ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಮೊದಲ ಸಲಕ್ಕೇ ಕೈಹಾಕಿದರೆ ಹೊಟ್ಟೆಬಾಕ ಎಂದುಕೊಂಡಾರೆಂದು ಬೇಡ ಎಂದೆ. ನಮ್ಮ ಕಡೆ ಅದು ಮಾತಿನ ಆರಂಭ. ಬೇಡ ಅಂದರೆ, ಅಯ್ಯೋ ಒಂದು ತಗೊಳ್ಳಿ ಅನ್ನಬೇಕು. ಮತ್ತೆ ಬೇಡ ಅಂದರೆ ತಟ್ಟೆಗೇ ಹಾಕಬೇಕು. ಹಾನ್ನಾ ಸರಿ ಎಂದು ಡಬ್ಬಿಯ ಮುಚ್ಚಳ ಒತ್ತಿ ಕಪಾಟಿನಲ್ಲಿಟ್ಟರು. ನಾನು ಇಂಗು ತಿಂದ ಮಂಗನ ಹಾಗೆ ಬರೀ ಚಹ ಕುಡಿದೆ. ಮಾರನೆಯ ದಿನ ಬುದ್ಧಿ ಕಲಿತು ಮೊದಲ ಸಲಕ್ಕೇ ಒಂದು ತೆಗೆದುಕೊಂಡೆ. ಆಗಲೂ ಮುಚ್ಚಳ ಬಿತ್ತು. ಒಬ್ಬರಿಗೆ ಒಂದೇ ಅಂತೆ.

ಅಡಿಗೆಮನೆಯ ಮೂಲೆಯಲ್ಲಿ ಕಲ್ಲಿದ್ದಲು ಉರಿಯುವ ಕರಿ ಕಬ್ಬಿಣದ ಒಲೆಯಿತ್ತು. ಮನೆಗೆಲ್ಲ ಅದೊಂದೇ ಬಿಸಿ. ಅದರ ಮೇಲುಗಡೆ ಗೋಡೆಗೆ ಸಾಲಾಗಿ ಮೊಳೆಗಳು. ಹಾನ್ನಾ ಅಲ್ಲಿ ಕಾಲುಚೀಲ, ಕೈಗವಸು, ಒರೆಸುವ ಬಟ್ಟೆ ಎಲ್ಲ ಒಣಗಹಾಕುತ್ತಿದ್ದರು.

ಮಸೂರ ಉಜ್ಜಿದವನ ಊರು

ಗುರುವಾರ ಪ್ರೊಫೆಸರ್ ಡಿರ್ಕ್ ನನ್ನನ್ನು ಹತ್ತಿರದ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಮಸೂರ ಉಜ್ಜಿ ಹೊಟ್ಟೆ ಹೊರೆದ ಒಬ್ಬ ದಾರ್ಶನಿಕ ಅಲ್ಲಿ ಬಾಡಿಗೆ ಕೋಣೆಯಲ್ಲಿದ್ದನಂತೆ. ದೇವರು, ಲೋಕ ಎರಡೂ ಬೇರೆ ಬೇರೆಯಲ್ಲ ಎಂದ ಮಹಾನುಭಾವ ಅವನು. ಅವನ ವಿಚಾರ ಸಹಿಸದೆ ಅವನ ಸ್ವಂತ ಜನರೇ ಬಹಿಷ್ಕಾರ ಹಾಕಿದ್ದರು. ಅವನ ಜೊತೆ ಮಾತನಾಡಕೂಡದು, ಒಂದೇ ಸೂರಿನಡಿ ಇರಕೂಡದು. ಆಗ ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು.

“ಆಮೇಲೆ ಮನೆಗೆ ವಾಪಸು ಹೋದನೆ?” ಎಂದು ಕೇಳಿದೆ.

“ಇಲ್ಲ. ಹೋಗಲಿಲ್ಲ, ಅವರೂ ಕರೆಯಲಿಲ್ಲ,” ಎಂದರು ಡಿರ್ಕ್. ಎತ್ತರದ ಮನುಷ್ಯ, ಮಾತು ಮೆಲ್ಲಗೆ. “ಅವನ ಬಗ್ಗೆ ನಾನು ಮೂವತ್ತು ವರ್ಷ ಓದಿದ್ದೇನೆ. ಆ ದಿನ ಅವನು ಊಟ ಮಾಡಿದನೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಸಿಗಲಿಲ್ಲ.”

ವಾಪಸು ಬರುವಾಗ ಹಿಮ ಬೆರೆತ ಮಳೆ ಹಿಡಿಯಿತು. ನನ್ನ ಕೊಡೆಯನ್ನು ಗಾಳಿ ಹಿಂದುಮುಂದು ಮಾಡಿ ಕಾಲುವೆಗೆ ಎಸೆಯಿತು. ಮನೆ ಸೇರುವ ಹೊತ್ತಿಗೆ ಕೋಟು, ಅಂಗಿ, ಬನಿಯನ್ ಎಲ್ಲ ತೊಯ್ದು, ಶಿವದಾರ ನೆನೆದು ಎದೆಗೆ ಅಂಟಿಕೊಂಡಿತ್ತು. ಬಟ್ಟೆ ಬದಲಾಯಿಸಿದೆ. ದಾರ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಕೆಮ್ಮು ಬಂತು. ಅವ್ವನ ಎರಡನೇ ಆಣೆ ನೆನಪಾಯಿತು. ಸತ್ತ ಫ್ರೆಂಚಿನವನೂ ನೆನಪಾದ.

ಎಷ್ಟು ಹೊತ್ತು, ದಾರ ಆರುವಷ್ಟು ಹೊತ್ತು ತಾನೆ ಎಂದುಕೊಂಡೆ. ಕಣ್ಣು ಮುಚ್ಚಿ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿ, ಕರಡಿಗೆ ಸಮೇತ ಶಿವದಾರವನ್ನು ತೆಗೆದು ಒಲೆಯ ಮೇಲಿನ ಮೊಳೆಗೆ ಹಾಕಿದೆ. ಪಕ್ಕದ ಕೋಣೆಯಲ್ಲಿ ಕೂತು ಶನಿವಾರದ ಭಾಷಣ ತಿದ್ದತೊಡಗಿದೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಎದೆ ಬರಿದಾಗಿತ್ತು. ಭಾಷಣದಲ್ಲಿ ಮುಳುಗಿ ಹೊತ್ತು ಹೋದದ್ದು ತಿಳಿಯಲಿಲ್ಲ.

ಮೊದಲು ಬಂದದ್ದು ವಾಸನೆ. ಕಾದ ತುಪ್ಪ, ದೀಪದ ಮಸಿ, ಏನೋ ಮನೆಯ ವಾಸನೆ. ಸೋಮವಾರ ಸಂಜೆ ನಮ್ಮ ದೇವರ ಕೋಣೆಯಲ್ಲಿ ಮಂಗಳಾರತಿಯಾದ ಮೇಲೆ ಬರುವಂಥದ್ದು. ಎಷ್ಟು ಹಿತವಾಗಿತ್ತೆಂದರೆ ಪೆನ್ನು ಕೆಳಗಿಟ್ಟು ಅದನ್ನೇ ಸವಿಯುತ್ತಾ ಕೂತೆ. ಹಾಲೆಂಡಿನಲ್ಲಿ ಈ ವಾಸನೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಆಮೇಲೆ ಬಂತು.

ಒಲೆಯ ಬಳಿ ಓಡಿದೆ. ಕರಡಿಗೆ ಮುಟ್ಟಿದರೆ ಕೈ ಚುರ್ ಎಂದಿತು. ಕರ್ಚೀಫಿನಲ್ಲಿ ಹಿಡಿದು ಕೆಳಗಿಳಿಸಿ ಮುಚ್ಚಳ ತೆಗೆದೆ. ಲೇಪ ಮೆತ್ತಗಾಗಿ ಒಂದು ಪಕ್ಕಕ್ಕೆ ಜಾರಿ, ಕರಡಿಗೆಯ ತಳಕ್ಕೆ ಅಂಟಿಕೊಂಡಿತ್ತು. ನನ್ನ ಹೆಬ್ಬೆರಳಿನ ಗುಳಿ ಇರಲಿಲ್ಲ. ಮೇಲುಗಡೆ ಉಗುರಗಲದಷ್ಟು ಜಾಗದಲ್ಲಿ ಬೂದು ಬಣ್ಣದ ಕಲ್ಲು ಕಾಣುತ್ತಿತ್ತು. ಹುಟ್ಟಿದಂದಿನಿಂದ ಎದೆಯ ಮೇಲಿದ್ದದ್ದನ್ನು ಅವತ್ತೇ ಮೊದಲು ನೋಡಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಶುಕ್ರವಾರ

ರಾತ್ರಿಯೂಟ ಬೇಡವೆಂದೆ. ಬೆಳಿಗ್ಗೆಯೂ ಬೇಡವೆಂದೆ. ಹಾನ್ನಾ ಬ್ರೆಡ್ಡು, ಚೀಸು, ಬೇಯಿಸಿದ ಆಲೂಗಡ್ಡೆ ಇಟ್ಟುಕೊಂಡು ನಿಂತಿದ್ದರು. ಈ ಸಲ ನನ್ನ ‘ಬೇಡ’ ನಿಜವಾದ ಬೇಡವಾಗಿತ್ತು. ಅವರು ತಟ್ಟೆ ಎತ್ತಿಕೊಂಡು ಹೋದರು. ನೀರು ಮಾತ್ರ ಕುಡಿದೆ, ಅದೂ ಅಳುಕುತ್ತಲೇ.

ಭಿನ್ನವಾದ ಲಿಂಗ ಧರಿಸಬಾರದು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಭಿನ್ನ ಎಂದರೆ ಕಲ್ಲು ಒಡೆಯುವುದೋ, ಲೇಪ ಹೋಗುವುದೋ? ಊರಲ್ಲಾಗಿದ್ದರೆ ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಬಹುದಿತ್ತು. ಕಾಗದ ಬರೆದರೆ ಉತ್ತರ ಬರುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ತಂತಿ ಕೊಟ್ಟರೆ ಅದನ್ನು ನೋಡಿದ ಕೂಡಲೇ ಅವ್ವನ ಪ್ರಾಣ ಹೋದೀತು. ಆದರೂ ಒಂದು ಕಾಗದ ಶುರುಮಾಡಿದೆ: ತೀರ್ಥರೂಪಳಾದ ಅವ್ವನಿಗೆ, ನಾನು ಕ್ಷೇಮ. ಅಲ್ಲಿಗೆ ಪೆನ್ನು ನಿಂತಿತು. ಕ್ಷೇಮ ಎನ್ನುವುದೂ ಸುಳ್ಳು, ನಾನು ಎನ್ನುವುದರ ಬಗ್ಗೆಯೂ ಅನುಮಾನ. ಹರಿದು ಒಲೆಗೆ ಹಾಕಿದೆ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಹದಿನೈದು ವರ್ಷದಿಂದ ಹುಡುಗರ ಮುಂದೆ ಮೇಣ ಕರಗಿಸಿ, ಅದೇ ಮೇಣ, ಅದೇ ಮೇಣ ಎಂದು ಮೇಜು ಗುದ್ದಿದವನು ನಾನೇ ಅಲ್ಲವೆ? ಹಡಗಿನಲ್ಲಿ, ಅಭ್ಯಾಸ ಸಾರ್, ಎಂದು ನಕ್ಕವನೂ ನಾನೇ. ಬರೀ ಅಭ್ಯಾಸವಾಗಿದ್ದರೆ ಬ್ರೆಡ್ಡು ಗಂಟಲಲ್ಲಿ ಇಳಿಯಬೇಕಿತ್ತು. ಇಳಿಯುತ್ತಿರಲಿಲ್ಲ. ಲೇಪ ಜಾರಿದ ಲಿಂಗವನ್ನು ಕರಡಿಗೆ ಸಮೇತ ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದೆ. ಪೂಜೆಗೆ ಕೈ ಮೇಲಿಡಲು ಧೈರ್ಯವಿರಲಿಲ್ಲ. ಹೋದ ಹಾಗೇ ವಾಪಸು ಬರಬೇಕು ಎಂದಿದ್ದಳು ಅವ್ವ. ಇನ್ನು ಹೇಗೆ ಹೋಗಲಿ? ಬಹಿಷ್ಕಾರ ಹಾಕಿಸಿಕೊಂಡ ಆ ಮಸೂರದವನಿಗಾದರೂ ತನ್ನ ವಿಚಾರದ ಮೇಲೆ ಭರವಸೆಯಿತ್ತು. ನನಗಿದ್ದದ್ದು ಹಸಿವು, ಭಯ ಎರಡೇ. ಅವತ್ತು ಇಡೀ ದಿನ ಕಾಲುವೆಯ ಪಕ್ಕ ಹಿಂದಕ್ಕೂ ಮುಂದಕ್ಕೂ ನಡೆದೆ.

ಶನಿವಾರದ ಭಾಷಣ

ಹಳೆಯ ಚರ್ಚೊಂದರ ಪಕ್ಕದ ಕೋಣೆ. ಮೂವತ್ತು ಜನ ಇದ್ದಿರಬಹುದು. ಹಿಂದಿನ ಸಾಲಿನಲ್ಲಿ, ತನ್ನ ಬಾಡಿಗೆದಾರ ಏನು ಹೇಳುತ್ತಾನೋ ನೋಡೋಣ ಎಂದು ಟೋಪಿ ಹಾಕಿಕೊಂಡು ಹಾನ್ನಾ ಕೂಡ ಬಂದು ಕೂತಿದ್ದರು.

ಮುನಿಯಪ್ಪನ ಮೇಣ ಹೊರಗೆ ತೆಗೆದೆ. ಬಣ್ಣ ತೋರಿಸಿದೆ, ತಟ್ಟಿ ಸದ್ದು ಕೇಳಿಸಿದೆ, ವಾಸನೆ ನೋಡಲು ಮುಂದಿನ ಸಾಲಿಗೆ ಕಳಿಸಿದೆ. ಮೇಣದಬತ್ತಿ ಹಚ್ಚಿ ತಗಡಿನ ತಟ್ಟೆಯನ್ನು ಅದರ ಮೇಲೆ ಹಿಡಿದೆ. ಮೇಣ ಅಂಚಿನಿಂದ ಕರಗತೊಡಗಿತು. ಯಾವತ್ತೂ ನೋಡುವ ದೃಶ್ಯ, ಅವತ್ತು ನೋಡಲಾಗಲಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿ ಮೇಜು ಗುದ್ದುವ ಜಾಗಕ್ಕೆ ಬಂದೆ. ಗುದ್ದಲು ಶಕ್ತಿ ಇರಲಿಲ್ಲ, ಮೆಲ್ಲಗೆ ತಟ್ಟಿದೆ.

ಪ್ರೊಫೆಸರ್ ಡಿರ್ಕ್ ಕೈಯೆತ್ತಿದರು. “ಒಂದು ಸಣ್ಣ ಅನುಮಾನ. ನೀವು ಐದು ನಿಮಿಷ ಆಚೆ ಹೋಗಿ ಬಂದಿರಿ ಅಂತಿಟ್ಟುಕೊಳ್ಳಿ. ತಟ್ಟೆಯಲ್ಲಿ ಕರಗಿದ ಮೇಣ ಇದೆ. ನೀವು ಬಿಟ್ಟುಹೋದ ಮೇಣವೇ ಅದು ಅಂತ ನಿಮ್ಮ ಬುದ್ಧಿ ಹೇಗೆ ಹೇಳುತ್ತದೆ?”

ಈ ಪ್ರಶ್ನೆಗೆ ಉತ್ತರ ಬರೆದುಕೊಂಡೇ ಬಂದಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ.

“ನಾನು ಆಚೆ ಹೋಗಿದ್ದೆ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಲಿಂಗ ಎಂದರೆ ಏನು, ಅವ್ವನ ಷರತ್ತು, ನೆನೆದ ದಾರ, ಒಲೆಯ ಮೇಲಿನ ಮೊಳೆ, ಜಾರಿದ ಲೇಪ, ಪೂಜೆಯಿಲ್ಲದೆ ಊಟವಿಲ್ಲದಿರುವುದು. ಭಾಷಣದ ಹಾಳೆಗಳು ಮೇಜಿನ ಮೇಲೇ ಉಳಿದವು. ಯಾರೋ ಕೆಮ್ಮಿದರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೆ ಅನ್ನಿಸಿತು.

ಡಿರ್ಕ್, “ಹಾಗಾದರೆ ನಿಮ್ಮ ತೀರ್ಮಾನವೇನು? ಅದೇ ಲಿಂಗವೋ, ಅಲ್ಲವೋ?” ಎಂದರು. ಗೇಲಿಯ ಧ್ವನಿಯಲ್ಲ; ನಿಜವಾಗಿ ತಿಳಿಯಬೇಕೆಂದು ಕೇಳಿದರು.

“ಅದೇ ಆಗಿದ್ದರೆ ನಾನು ಊಟ ಮಾಡಬಹುದು,” ಎಂದೆ. “ಇನ್ನೂ ಊಟ ಮಾಡಿಲ್ಲ.”

ಆಗ ಹಿಂದಿನ ಸಾಲಿನಿಂದ ಹಾನ್ನಾ ಎದ್ದು ನಿಂತರು. ಅವರ ಇಂಗ್ಲಿಷ್ ನನ್ನದಕ್ಕಿಂತ ಹರಕು.

“ಅಂದರೆ ನನ್ನ ಅಡಿಗೆ ಹಿಡಿಸದೆ ಬಿಟ್ಟದ್ದಲ್ಲ?”

“ಖಂಡಿತ ಅಲ್ಲ.”

“ಎರಡು ದಿನದಿಂದ ನಾನು ಅದೇ ಯೋಚನೆಯಲ್ಲಿದ್ದೆ,” ಎಂದು ಹಾನ್ನಾ ಕಣ್ಣೊರೆಸಿಕೊಂಡರು. “ಒಲೆ ಉರಿಯುತ್ತಲೇ ಇದೆ. ಕಾಯಿಸಿ ಕೆಟ್ಟದ್ದನ್ನು ಕಾಯಿಸಿಯೇ ಸರಿಮಾಡಬಹುದೋ ಏನೋ, ನನಗೆ ಗೊತ್ತಿಲ್ಲ. ಬನ್ನಿ ಮನೆಗೆ.”

ಮತ್ತೆ ಒಲೆಯ ಮುಂದೆ

ಹಾನ್ನಾ ಒಲೆಯ ಮೇಲಿನ ಕೆಟಲ್ ತೆಗೆದರು, ಮೊಳೆಗಳ ಮೇಲಿನ ಕಾಲುಚೀಲಗಳನ್ನೆಲ್ಲ ಎತ್ತಿದರು, ಒಲೆಯ ಸುತ್ತ ಒರೆಸಿದರು. ಆಮೇಲೆ ಬೀದಿಯ ಕಡೆಯ ದೊಡ್ಡ ಕಿಟಕಿಗೆ ಹೋಗಿ ಪರದೆ ಎಳೆದರು. ಆ ಮನೆಯಲ್ಲಿ ಪರದೆ ಎಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿಲು ಮುಂದೆ ಮಾಡಿ ಆಚೆ ನಿಂತರು.

ಕೇಳಲು ಯಾರೂ ಇರಲಿಲ್ಲ. ಅಯ್ಯನವರಿಲ್ಲ, ಅವ್ವ ಇಲ್ಲ, ಗ್ರಂಥವಿಲ್ಲ. ಆ ಫ್ರೆಂಚಿನವನು ತನಗೆ ಹೇಳಿಕೊಟ್ಟವರನ್ನೆಲ್ಲ ಬಿಟ್ಟು ಒಬ್ಬನೇ ಕೂತದ್ದನ್ನು ನಾನು ದೊಡ್ಡ ಶೌರ್ಯವೆಂದು ಪಾಠ ಮಾಡುತ್ತಿದ್ದೆ. ಅದು ಎಷ್ಟು ಹೆದರಿಕೆಯ ಕೆಲಸ ಎಂಬುದು ಅವತ್ತು ತಿಳಿಯಿತು. ಕೈತೊಳೆದು ವಿಭೂತಿ ಹಚ್ಚಿಕೊಂಡು, ಕರಡಿಗೆಯನ್ನು ಒಲೆಯ ಅಂಚಿಗೆ ಹಿಡಿದು ಬೆಚ್ಚಗೆ ಮಾಡಿದೆ. ಲೇಪ ಮೆತ್ತಗಾದ ಮೇಲೆ ಎಡ ಅಂಗೈಗೆ ತೆಗೆದುಕೊಂಡು, ಸುಡುವುದನ್ನು ಸಹಿಸಿಕೊಂಡು, ಕಲ್ಲಿನ ಮೇಲಕ್ಕೆ ಒತ್ತಿ ಒತ್ತಿ ಎಳೆದೆ. ಬೂದು ಕಲ್ಲು ಸ್ವಲ್ಪ ಸ್ವಲ್ಪವಾಗಿ ಮುಚ್ಚಿತು. ಸುತ್ತ ಸವರಿ ದುಂಡಗೆ ಮಾಡಿದೆ. ಆರಿದ ಮೇಲೆ ನೋಡಿದರೆ ಚೂರು ಎಡಕ್ಕೆ ವಾಲಿತ್ತು. ಒಂದು ಪಕ್ಕದಲ್ಲಿ, ಗಟ್ಟಿಯಾಗಿ ಹಿಡಿದಿದ್ದ ಕಡೆ, ನನ್ನ ಹೆಬ್ಬೆರಳು ಆಳವಾಗಿ ಮೂಡಿತ್ತು. ಅಳಿಸಲು ಹೋದರೆ ಇನ್ನೆಲ್ಲಿ ಕೆಡುತ್ತದೋ ಎಂದು ಬಿಟ್ಟುಬಿಟ್ಟೆ.

ನೀರೆರೆದೆ. ಪತ್ರೆ ಇಟ್ಟೆ. ಅಷ್ಟು ಹೊತ್ತು ಅದನ್ನೇ ದಿಟ್ಟಿಸಿ ಕೂತದ್ದು ಅದಕ್ಕೆ ಮೊದಲು ನನ್ನ ಜೀವಮಾನದಲ್ಲಿ ಇರಲಿಲ್ಲ. ಪೂಜೆ ಮುಗಿಸಿ ಬಾಗಿಲು ತೆರೆದೆ. ಹಾನ್ನಾ ಆಲೂಗಡ್ಡೆ ಬಡಿಸಿದರು. ಒಂದು ತುತ್ತು ಬಾಯಿಗಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಹಾನ್ನಾ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ನಾನು ನಾಲ್ಕು ತಿಂದೆ, ಅವರು ಮುಚ್ಚಲಿಲ್ಲ.

ಜಯನಗರ, ವಾಪಸು

ಹೊಟ್ಟೆಗೆ ಅನ್ನ ಸೇರಿತೇ ಹೊರತು ಭಯ ಹೋಗಲಿಲ್ಲ. ಅವ್ವನ ಕಣ್ಣಿಗೆ ಬಿದ್ದರೆ ಏನು ಹೇಳುವುದು ಎಂದು ವಾಪಸಿನ ಹಡಗಿನಲ್ಲಿ ಹಗಲೆಲ್ಲ ಯೋಚಿಸಿದೆ. ತೋರಿಸದೇ ಇದ್ದುಬಿಡುವುದು ಒಂದು ದಾರಿ. ಆದರೆ ನಮ್ಮ ಮನೆಯಲ್ಲಿ ಪೂಜೆಗೆ ಕೂರುವುದು ಅಕ್ಕಪಕ್ಕದಲ್ಲೇ. ಲೇಪ ತಾನೇ, ಕಲ್ಲು ಅದೇ ಎಂದು ವಾದಿಸುವುದು ಇನ್ನೊಂದು ದಾರಿ. ಆ ವಾದವನ್ನು ಎಷ್ಟು ಸಲ ಕಟ್ಟಿದೆನೋ ಅಷ್ಟು ಸಲ ಅವ್ವನ ಮುಖ ನೆನಪಾಗಿ ಅದು ಬಿದ್ದುಹೋಯಿತು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಅವ್ವನ ಪಕ್ಕದ ಮಣೆಯ ಮೇಲೆ ಕೂತೆ. ಕರಡಿಗೆ ತೆಗೆಯಲು ಕೈ ಏಳಲಿಲ್ಲ.

“ಯಾಕೋ, ಏನಾಯ್ತು?” ಎಂದಳು ಅವ್ವ.

ಹೇಳಿದೆ. ಕಟ್ಟಿಕೊಂಡು ಬಂದ ವಾದ ಒಂದೂ ನೆನಪಿಗೆ ಬರಲಿಲ್ಲ. ಒಲೆಯ ಮೇಲೆ ಹಾಕಿದೆ, ಕರಗಿತು, ನಾನೇ ಒತ್ತಿದೆ, ತಪ್ಪಾಯಿತು ಎಂದಷ್ಟೇ ಹೇಳಿ ಅಂಗೈ ಮುಂದೆ ಹಿಡಿದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಕನ್ನಡಕ ಹಾಕಿಕೊಂಡು ನನ್ನ ಅಂಗೈ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ತಲೆಯೆತ್ತಿದಾಗ ನೋಡಿದರೆ ನಗುತ್ತಿದ್ದಾಳೆ.

“ಮೂರು ವರ್ಷದವನಿದ್ದಾಗ್ಲೂ ಹಿಂಗೇ ಮಾಡಿದ್ದೆ ಕಣೋ. ಸ್ನಾನಕ್ಕೆ ಕರ್ಕೊಂಡ್ ಹೋದ್ರೆ ಬಿಚ್ಚಿ ಹಂಡೆ ಒಲೆ ಮೇಲಿಟ್ಟು ಬಂದಿದ್ದೆ. ಎಲ್ಲಾ ಇಳಿದುಹೋಗಿತ್ತು.”

“ನಾನಾ? ನಂಗೆ ಗೊತ್ತೇ ಇಲ್ಲ.”

“ನಿಂಗೆಲ್ಲಿ ನೆನಪಿರುತ್ತೆ? ಅಯ್ಯನೋರು ಊರಲ್ಲಿರ್ಲಿಲ್ಲ. ಪೂಜೆ ಆಗ್ದೆ ನಿಂಗೆ ಊಟ ಕೊಡೋ ಹಾಗಿಲ್ಲ, ನೀನು ಹಸಿವು ಅಂತ ಕಿರುಚಾಡ್ತಿದ್ದೆ. ನಿಮ್ಮಪ್ಪನೇ ಬೆಚ್ಚಗೆ ಮಾಡಿ ಒತ್ತಿದ್ರು. ಆಮೇಲೆ ಅಯ್ಯನೋರಿಗೆ ತೋರಿಸ್ದಾಗ, ಕಲ್ಲು ನೆಟ್ಟಗಿದ್ಯಲ್ಲ, ಬಿಡಿ ಅಂದ್ರು. ನಿಂಗೆ ಹೇಳಿದ್ರೆ ಜನ್ಮ ಪೂರ್ತಿ ಅದನ್ನೇ ಕೊರೀತಾ ಕೂತಿರ್ತೀಯ ಅಂತ ಹೇಳ್ಲಿಲ್ಲ.”

ಹಿಂದಿನದು ನೆನಪಿದ್ದರೆ ಮಾತ್ರ ಅವನೇ ಇವನು ಎನ್ನಬಹುದು ಎಂದು ವಾದಿಸಿದ ಇಂಗ್ಲಿಷ್ ದಾರ್ಶನಿಕನೊಬ್ಬನ ಪಾಠವನ್ನೂ ನಾನು ಮಾಡುತ್ತೇನೆ. ಅವನ ಲೆಕ್ಕದಲ್ಲಿ ಹಂಡೆ ಒಲೆಯ ಮೇಲೆ ಲಿಂಗವಿಟ್ಟ ಆ ಮಗು ನಾನಲ್ಲ. ನನಗೆ ಅದರ ಒಂದು ಚೂರೂ ನೆನಪಿಲ್ಲ. ನೆನಪಿದ್ದದ್ದು ಅವ್ವನಿಗೆ. ಅದೇ ಮನುಷ್ಯ ಎನ್ನಲು ಸಾಕ್ಷಿ ಬೇಕಿದ್ದರೆ, ಮೂವತ್ತೆಂಟು ವರ್ಷ ಬಿಟ್ಟು ಅದೇ ಕೆಲಸ ಮತ್ತೆ ಮಾಡಿ ಬಂದಿದ್ದೇನೆ.

“ಮತ್ತೆ ಹೋದ ಹಾಗೇ ಬರ್ಬೇಕು ಅಂದ್ಯಲ್ಲವ್ವ?”

“ಬಂದಿದೀಯಲ್ಲ. ಇನ್ನೇನು?”

ಅವ್ವ ಮತ್ತೆ ಬಗ್ಗಿ, ಲಿಂಗದ ಪಕ್ಕದಲ್ಲಿ ಮೂಡಿದ್ದ ಹೆಬ್ಬೆರಳಿನ ಗುಳಿಯನ್ನು ದಿಟ್ಟಿಸಿದಳು. ನಗು ನಿಂತಿತು.

“ಇಲ್ಲೇ ನಿಮ್ಮಪ್ಪಂದೂ ಇತ್ತು,” ಎಂದಳು. “ಹೆಬ್ಬೆಟ್ಟು. ದಿನಾ ಪೂಜೆ ಹೊತ್ನಲ್ಲಿ ನಿನ್ನ ಬೆರಳು ಅಲ್ಲಿ ಹೋಗಿ ಕೂರೋದನ್ನ ನೋಡ್ತಿದ್ದೆ.”

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಹಾಲೆಂಡಿನ ಒಲೆಯ ಮೇಲೆ ಕರಗಿಹೋದದ್ದು ಏನೆಂದು ನನಗೆ ಆಗ ಗೊತ್ತಾಯಿತು. ತಪ್ಪಾಯ್ತು ಅವ್ವ ಎಂದು ಮತ್ತೆ ಹೇಳಿದೆ.

ಅವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಅವ್ರದು ಇಷ್ಟು ಆಳ ಇರ್ಲಿಲ್ಲ. ನೀನು ಗಾಬರಿ ಬಿದ್ದು ಒತ್ತಿದೀಯ,” ಎಂದಳು. “ಹೋಗ್ಲಿ ಬಿಡು. ಪೂಜೆ ಮಾಡು, ರೊಟ್ಟಿ ಆರೋಗ್ತಿದೆ.”